ಕ್ಲಚ್ಚಿಗೆ ಕೇಳಿದ ಆಣೆ

ನವೆಂಬರ್ 10, ಭಾನುವಾರ

ಗಾಡಿ ಮನೆಗೆ ಬಂತು! ಕೊರೋನಾ ಕಾಲದಿಂದ ಶೆಡ್ಡಿನಲ್ಲಿ ಇಲಿಗಳಿಗೆ ಬಾಡಿಗೆಯಿಲ್ಲದ ಮನೆಯಾಗಿದ್ದ ನನ್ನ ಹಳೇ ಫಿಯೆಟ್ಟು ಇವತ್ತು ರಿಪೇರಿ ಮುಗಿಸಿಕೊಂಡು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ತನ್ನ ಚಕ್ರದ ಮೇಲೆ ತಾನೇ ಓಡಿಬಂತು. ಓಡಿಸಿದವನು ಶಿವಮಲ್ಲು. ಪಕ್ಕದ ಸೀಟಿನಲ್ಲಿ ಮದುಮಗನ ಹಾಗೆ ನಾನು. ತೆರಕಣಾಂಬಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ನಾಲ್ಕು ಜನ ಸುತ್ತ ನಿಂತು ನೋಡಿದರು. ಒಬ್ಬ ಬಾನೆಟ್ ಸವರಿದ. ನನ್ನ ಬೆನ್ನು ಸವರಿದಷ್ಟೇ ಖುಷಿಯಾಯಿತು.

ಖಜಾನೆ ಕಚೇರಿಯಿಂದ ನಿವೃತ್ತನಾದ ಮೇಲೆ ನಾನು ಮಾಡಿದ ಮೊದಲ ಒಳ್ಳೆಯ ಕೆಲಸ ಇದು. ಇಷ್ಟು ವರ್ಷ ಬೇರೆಯವರ ಬಿಲ್ಲುಗಳ ಮೇಲೆ ಆಕ್ಷೇಪಣೆ ಬರೆದು ವಾಪಸ್ ಕಳಿಸಿದ್ದೇ ಬಂತು. ಈಗ ಬರೆಯಲು ಬಿಲ್ಲಿಲ್ಲ, ಅದಕ್ಕೆ ಈ ಡೈರಿ. ಸುಧಾಮಣಿ ನಗುತ್ತಾಳೆ. "ಆಕ್ಷೇಪಣೆ ಬರೀದಿದ್ರೆ ನಿಮಗೆ ಅನ್ನ ಅರಗಲ್ಲ ಕಣ್ರೀ" ಅಂತ.

ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಶಿವಮಲ್ಲು ತಾನೇ ಕೊಯಮತ್ತೂರಿಗೆ ಹೋಗಿ ಹುಡುಕಿ ತಂದಿದ್ದಾನೆ. ಈ ಗಾಡಿಯ ಸಾಮಾನು ಈಗ ಸುಲಭಕ್ಕೆ ಸಿಗುವುದಿಲ್ಲ. ಉಮ್ಮತ್ತೂರಿನ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ನಾನು ಕಚೇರಿ ಸೇರಿದೆ, ಅವನು ಗುಂಡ್ಲುಪೇಟೆಗೆ ಹೋಗಿ ಊಟಿ ರಸ್ತೆಯಲ್ಲಿ ಗ್ಯಾರೇಜು ಹಾಕಿದ. ಬಾಯಿಬಡುಕ. ಕೇರಳದವರ ಕಾರು ಕೆಟ್ಟು ನಿಂತರೆ ಅವನ ಮಲಯಾಳ ಕೇಳಬೇಕು. ಅರ್ಧ ತಮಿಳು, ಕಾಲು ಕನ್ನಡ, ಉಳಿದದ್ದು ಕೈಸನ್ನೆ.

ಹೋಗುವ ಮುಂಚೆ ಪಾಠ ಮಾಡಿದ. "ಪೆಡ್ಲು ತುಳುದ್ರೆ ಮೊದ್ಲು ಒಂದಂಗುಲ ಸುಮ್ನೆ ಓಗ್ಬೇಕು. ಅದೇ ಪ್ಲೇ. ಆಮೇಲ್ ಬಿಗಿ ಸಿಗ್ಬೇಕು. ಹೊಸ ಪ್ಲೇಟು ಕೂರಗಂಟ ಒಂದೆರಡು ಸಲ ಪೆಡ್ಲಿಂದ ಕ್ಲಚ್ಚಿಗೋಗೋ ರಾಡಿನ ನಟ್ಟು ತಿರುಗ್ಸಿ ಸರಿ ಮಾಡ್ಬೇಕಾಯ್ತದೆ. ನಾನೇ ಬಂದು ಮಾಡ್ತೀನಿ. ನೀನು ಮಾತ್ರ ಅದ ಮುಟ್ಬೇಡ ಕಣ್ಲಾ. ನಿನ್ ಕೈ ಪೆನ್ನಿಡಿಯಕ್ಕೇ ಸರಿ."

ಭವ್ಯ ಬದನಗುಪ್ಪೆಯ ಕಂಪನಿಯಿಂದ ಬಂದವಳೇ "ಅಪ್ಪ, ಒಂದು ರೌಂಡು ನಾನು" ಅಂದಳು. ಲೈಸೆನ್ಸ್ ಇದೆ ಅವಳಿಗೆ. ಇದರ ಗೇರು ಸ್ಟೀರಿಂಗಿನ ಪಕ್ಕದಲ್ಲಿದೆ, ನಿನಗೆ ಒಗ್ಗುವುದಿಲ್ಲ ಅಂದೆ. ಮೊದಲು ನಾನು ಓಡಿಸಬೇಡವೇ?

ನವೆಂಬರ್ 13, ಬುಧವಾರ

ಮರ್ಯಾದೆ ಹೋಯಿತು. ಭುವನೇಶ್ವರಿ ಸರ್ಕಲ್ಲಿನಲ್ಲಿ ಗಾಡಿ ಕಪ್ಪೆಯ ಹಾಗೆ ಮೂರು ಸಲ ಹಾರಿ ನಿಂತೇಹೋಯಿತು. ಹಿಂದೆ ಬಸ್ಸು. ಕಂಡಕ್ಟರ್ ಇಳಿದು ಬಂದು, "ಅಜ್ಜ, ತಳ್ಳನಾ?" ಅಂದ. ಅಜ್ಜನಂತೆ!

ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಅಂತಲೇ ತಿಳಿಯುತ್ತಿಲ್ಲ. ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಶಿವಮಲ್ಲುವಿಗೆ ಫೋನು ಮಾಡಿದೆ. ಭಾನುವಾರ ಬರುತ್ತಾನೆ.

ನವೆಂಬರ್ 17, ಭಾನುವಾರ

ಶಿವಮಲ್ಲು ಬಂದು ಗಾಡಿಯ ಕೆಳಗೆ ಮಲಗಿ ನಟ್ಟು ತಿರುಗಿಸಿದ. ತಾನು ಒಂದು ಸುತ್ತು ಹಾಕಿ ಬಂದ. ಬೆಣ್ಣೆ. ನಾನು ಓಡಿಸಿದೆ. ಅದೇ ಕಪ್ಪೆ.

"ಕಾಲಿಗೆ ಅಭ್ಯಾಸ ತಪ್ಪೋಗದೆ ಕಣ್ಲಾ, ಗಾಡೀಲಿ ಏನೂ ಇಲ್ಲ" ಅಂದ. ಇಪ್ಪತ್ತು ವರ್ಷ ಇದೇ ಗಾಡಿ ಓಡಿಸಿದವನಿಗೆ ಹೇಳುವ ಮಾತೇ ಇದು? ಸುಧಾಮಣಿ ಅವನಿಗೆ ಅಣ್ಣ ಬಂದ ಹಾಗೆ ಉಪ್ಪಿಟ್ಟು ಬಡಿಸಿ, ಮೇಲೆ ತುಪ್ಪ ಹಾಕಿದಳು. ನನ್ನ ತಟ್ಟೆಗೆ ತುಪ್ಪವೂ ಇಲ್ಲ, ಕಾಫಿಗೆ ಸಕ್ಕರೆಯೂ ಇಲ್ಲ. ಶುಗರ್ ಇರುವುದು ರಕ್ತದಲ್ಲಿ, ಶಿಕ್ಷೆ ನಾಲಿಗೆಗೆ.

ಸಂಜೆ ಅವಳು ನಡುಮನೆಯಲ್ಲಿ ಕೆಂಪು ಗುರುತು ನೋಡಿ ಕಿರುಚಿಕೊಂಡಳು. ನನ್ನ ಎಡಗಾಲಿನ ಹೆಬ್ಬೆರಳು ಒಡೆದು ರಕ್ತ ಬರುತ್ತಿತ್ತು. ಜಾಕಿಗೆ ಎಡವಿರಬೇಕು. ಗಾಡಿಯ ಗುಂಗಿನಲ್ಲಿ ಗೊತ್ತೇ ಆಗಿಲ್ಲ.

ನವೆಂಬರ್ 21, ಗುರುವಾರ

ನಾನೇ ನಟ್ಟು ತಿರುಗಿಸಿದೆ. ಸ್ಪ್ಯಾನರ್ ಹಿಡಿದರೆ ಏನು, ಪೆನ್ನು ಹಿಡಿದರೆ ಏನು, ಬುದ್ಧಿ ಒಂದೇ. ಒಂದಂಗುಲ ಸುಮ್ಮನೆ ಹೋಗುವ ಜಾಗವೇ ನನ್ನನ್ನು ಕೆಡಿಸುತ್ತಿದೆ ಅನ್ನಿಸಿತು. ಅದನ್ನು ಕಡಿಮೆ ಮಾಡಿದೆ. ಈಗ ಪರವಾಗಿಲ್ಲ.

ನವೆಂಬರ್ 24, ಭಾನುವಾರ

ಪರವಾಗಿಲ್ಲ ಅಂದದ್ದು ತಪ್ಪು. ಇನ್ನೂ ಸ್ವಲ್ಪ ಬಿಗಿ ಮಾಡಿದೆ.

ನವೆಂಬರ್ 28, ಗುರುವಾರ

ಸುಧಾಮಣಿಯನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಕರೆದುಕೊಂಡು ಹೋಗಬೇಕೆಂದು ಹೊರಟೆ. ನಿವೃತ್ತಿಯಾದ ಮೇಲೆ ನನ್ನದೇ ಗಾಡಿಯಲ್ಲಿ, ನಾನೇ ಓಡಿಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವುದು ಎಂದು ಎಷ್ಟು ವರ್ಷದಿಂದ ಹೇಳಿದ್ದೆ. ಅವಳು ಹಸಿರು ರೇಷ್ಮೆ ಉಟ್ಟಿದ್ದಳು. ಬುತ್ತಿ ಕಟ್ಟಿಕೊಂಡಿದ್ದಳು.

ತೆರಕಣಾಂಬಿ ದಾಟಿ ಏರು ಸಿಕ್ಕಿದ್ದೇ ತಡ, ಇಂಜಿನ್ನು ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ. ಸುಧಾಮಣಿ, "ಯಾರೋ ಕಸ ಸುಡ್ತಾವ್ರೆ" ಅಂದಳು. ಪಾಪ. ಸುಡುತ್ತಿದ್ದದ್ದು ನಮ್ಮದೇ ಕ್ಲಚ್ ಪ್ಲೇಟು.

ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕೂತು ಚಿತ್ರಾನ್ನ ತಿಂದೆವು. ಅವಳು ರೇಷ್ಮೆ ಸೆರಗಿನ ಧೂಳು ಕೊಡವಿಕೊಂಡು ನನಗೇ ಮೊದಲು ಬಡಿಸಿದಳು. ಅದಕ್ಕೇ ನನಗೆ ಹೆಚ್ಚು ಬೇಜಾರಾಯಿತು. ಶಿವಮಲ್ಲು ಟೆಂಪೋ ಕಳಿಸಿ ಗಾಡಿಯನ್ನು ಗ್ಯಾರೇಜಿಗೆ ಎಳೆಸಿಕೊಂಡ. ನಾವು ಬಸ್ಸಿನಲ್ಲಿ ಬಂದೆವು.

ಹೊಸ ಪ್ಲೇಟು ಇಷ್ಟು ಬೇಗ ಸುಡುತ್ತದೆಯೇ? ಈ ಪ್ರಶ್ನೆ ಮನಸ್ಸಿನೊಳಗೆ ಹೊಕ್ಕಿದೆ. ಹೋಗುತ್ತಿಲ್ಲ.

ಡಿಸೆಂಬರ್ 2, ಸೋಮವಾರ

ಇವತ್ತು ತೀರ್ಮಾನವಾಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗ್ಯಾರೇಜಿಗೆ ಹೋದಾಗ ಶಿವಮಲ್ಲು ಪ್ಲೇಟು ಬಿಚ್ಚಿ ಇಟ್ಟಿದ್ದ. ಸೀದ ದೋಸೆಯ ಹಾಗೆ ಕರಕಲಾಗಿತ್ತು. ಗೋಡೆಯ ಮೇಲೆ ಮಾದಪ್ಪನ ಪಟಕ್ಕೆ ಸೋಮವಾರದ ಹೂವು, ಧೂಪ. ಲಾರಿಯವರಿಬ್ಬರು, ಎದುರಿನ ಹೋಟೆಲಿನವನು, ಪಂಕ್ಚರ್ ಅಂಗಡಿಯ ಮಲಯಾಳಿ, ಎಲ್ಲರೂ ಅಲ್ಲೇ ಇದ್ದರು.

"ನಟ್ಟು ಯಾರ್ಲಾ ಮುಟ್ಟುದ್ದು?" ಅಂತ ಕೇಳಿದ.

ಎಲ್ಲರ ಮುಂದೆ ಹಾಗೆ ಕೇಳಿದ್ದು ನನಗೆ ಹಿಡಿಸಲಿಲ್ಲ. "ನಟ್ಟಿನ ಮಾತು ಆಮೇಲೆ. ಇದು ಹೊಸ ಪ್ಲೇಟಾ?" ಅಂದೆ.

"ಅಂಗಂದ್ರೇನ್ಲಾ?"

"ಹಳೇದಕ್ಕೆ ಬಣ್ಣ ಬಳಿದು ಹಾಕಿಲ್ಲ ತಾನೆ, ಅಂತ."

ಅವನು ನಕ್ಕ. ತಮಾಷೆ ಅಂದುಕೊಂಡ. ನಾನು ನಗಲಿಲ್ಲ. ಆಗ ಅವನ ಮುಖ ಇಳಿಯಿತು. "ಸುಧಾಕರ, ನಾನು ಎಲ್ಡು ದಿನ ಕೊಯಮತ್ತೂರಲ್ಲಿ ಅಲ್ದು ತಂದಿದ್ದು ಕಣ್ಲಾ" ಅಂದ.

"ಹಾಗಾದ್ರೆ ಮಾದಪ್ಪನ ಮೇಲೆ ಆಣೆ ಮಾಡು" ಅಂದೆ.

ಶಿವಮಲ್ಲು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ. ಅವನ ಅಪ್ಪ ಮಾದಪ್ಪನ ದೀಕ್ಷೆ ಪಡೆದ ದೇವರಗುಡ್ಡ. ಜೋಳಿಗೆ ಹಾಕಿಕೊಂಡು ಮಾದಪ್ಪನ ಪದ ಹಾಡಿಕೊಂಡು ಊರೂರು ತಿರುಗಿದವರು. ಆ ಮನೆಯವರು ಲೋಕದ ವ್ಯವಹಾರಕ್ಕೆ ಮಾದಪ್ಪನ ಹೆಸರನ್ನು ಆಣೆಗೆ ಎಳೆಯುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಸತ್ಯ ಹೇಳುವವನಿಗೆ ಭಯವೇಕೆ?

"ಬ್ಯಾರೆ ಏನಾರ ಕೇಳು, ಮಾಡ್ತೀನಿ. ಅದೊಂದ ಕೇಳ್ಬೇಡ. ನಮ್ಮನೇಲಿ ಮಾಡಕಿಲ್ಲ, ನಿಂಗೊತ್ತು" ಅಂದ. ದನಿ ಸಣ್ಣಗಾಗಿತ್ತು.

"ಆಣೆ ಮಾಡದವನು ಕಳ್ಳ" ಅಂದು ಹೊರಟುಬಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನ್ಯಾಯವಾಗಿಯೇ ನಡೆದುಕೊಂಡೆ. ಕಚೇರಿಯಲ್ಲಿ ದಾಖಲೆ ಕೇಳಿದಾಗ ಕೊಡದವನ ಬಿಲ್ಲನ್ನು ನಾನು ಯಾವತ್ತು ಪಾಸು ಮಾಡಿದ್ದೇನೆ?

ಡಿಸೆಂಬರ್ 5, ಗುರುವಾರ

ಗಾಡಿಯನ್ನು ಇಲ್ಲಿಗೇ ಎಳೆಸಿ ತಂದು ಮಹದೇವಪ್ಪನ ಗ್ಯಾರೇಜಿಗೆ ಬಿಟ್ಟಿದ್ದೇನೆ. ಅವನು ಮತ್ತೆ ಹೊಸ ಪ್ಲೇಟು ತರಿಸುತ್ತಾನಂತೆ.

ಸುಧಾಮಣಿ ಮಾತು ಕಡಿಮೆ ಮಾಡಿದ್ದಾಳೆ. ಮಜ್ಜಿಗೆ ಕೊಡುವಾಗ ಹೇಳಿದಳು, "ಪ್ಲೇಟಿಗೋಸ್ಕರ ಯಾರಾದ್ರೂ ಮಾದಪ್ಪನ್ನ ಕರೀತಾರಾ? ಆ ಮನುಷ್ಯ ನಿಮ್ಮಮ್ಮ ಸತ್ತಾಗ ಮೂರು ದಿನ ನಿಮ್ಮ ಪಕ್ಕ ಬಿಟ್ಟು ಹೋಗಿರ್ಲಿಲ್ಲ." ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದೆ. ಸಂಬಂಧವಿಲ್ಲ.

ಡಿಸೆಂಬರ್ 12, ಗುರುವಾರ

ಮಹದೇವಪ್ಪ ಗಾಡಿ ಕೊಟ್ಟ. "ಸಾರ್, ಮಗು ಓಡಿಸ್ಬೋದು, ಅಂಗಿದೆ" ಅಂದ. ಅವನು ಓಡಿಸಿದಾಗ ಹಾಗೆಯೇ ಇತ್ತು. ನಾನು ಕೂತ ಕೂಡಲೇ ಅದೇ ನೆಗೆತ. ಪೆಡಲ್ ಎಲ್ಲಿದೆ ಅಂತ ಒಂದೆರಡು ಸಲ ಬಗ್ಗಿ ನೋಡಬೇಕಾಯಿತು. ಕಳ್ಳರೆಲ್ಲ ಒಂದೇ ಸಂತೆಯವರು. ಗಾಡಿ ಶೆಡ್ಡಿನಲ್ಲಿ ನಿಂತಿದೆ.

ಡಿಸೆಂಬರ್ 15, ಭಾನುವಾರ

ಟ್ರಾವೆಲ್ಸಿನ ಗೋವಿಂದಯ್ಯ ಮಾರ್ಕೆಟ್ಟಿನಲ್ಲಿ ಸಿಕ್ಕ. "ನಿಮ್ಮ ಮಾತು ಕೇಳಿ ನಾನು ನನ್ನ ವ್ಯಾನೆಲ್ಲ ಶಿವಮಲ್ಲು ಹತ್ರ ಬಿಡೋದು ನಿಲ್ಲಿಸ್ಬಿಟ್ಟೆ ಸಾರ್. ಸ್ನೇಹಿತನಿಗೇ ಹಂಗ್ ಮಾಡ್ದೋನು ನಮಗೆ ಮಾಡ್ದೇ ಬಿಡ್ತಾನಾ?" ಅಂದ. ಅವನಿಗೆ ಹೇಳಿದ್ದು ಹೌದು, ಪಿಂಚಣಿ ದಿನ ಬ್ಯಾಂಕಿನಲ್ಲಿ. ಹೀಗಾಗುತ್ತದೆ ಅಂದುಕೊಂಡಿರಲಿಲ್ಲ.

ಆಗ ಹೆಮ್ಮೆಯೇ ಆಯಿತು. ಮನೆಗೆ ಬರುವಷ್ಟರಲ್ಲಿ ಆ ಹೆಮ್ಮೆ ಹುಳಿಯಾಗಿತ್ತು. ಆ ವ್ಯಾನುಗಳ ಕೆಲಸದಿಂದಲೇ ಅವನ ಗ್ಯಾರೇಜು ನಡೆಯುವುದು.

ಡಿಸೆಂಬರ್ 18, ಬುಧವಾರ

ಶಿವಮಲ್ಲು ಫೋನು ಮಾಡಿದ್ದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಎತ್ತಿದ್ದರೆ ಏನು ಮಾತಾಡಬೇಕಿತ್ತು?

ಡಿಸೆಂಬರ್ 22, ಭಾನುವಾರ

ಚಾಮರಾಜೇಶ್ವರನ ಗುಡಿ ಬೀದಿಯಲ್ಲಿ ಸೊಪ್ಪು ತೆಗೆದುಕೊಂಡು ಬರುತ್ತಿದ್ದೆ. ಹೂವಿನ ಚಿಕ್ಕನಿಂಗಮ್ಮ ಹಿಂದಿನಿಂದ ಕೂಗಿದಳು. "ಸಾಮಿ, ಒಂದೇ ಮೆಟ್ಟು ಮೆಟ್ಕಂಡು ಎಲ್ಲಿಗೆ ಒಂಟ್ರಿ?"

ಕೆಳಗೆ ನೋಡಿದೆ. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲು. ಚಪ್ಪಲಿ ದೂರದಲ್ಲಿ, ಸೊಪ್ಪಿನ ಗಾಡಿಯ ಹತ್ತಿರ ಮಕಾಡೆ ಬಿದ್ದಿತ್ತು. ಅಷ್ಟು ದೂರ ಬಿಸಿಲಿನ ಟಾರು ರಸ್ತೆಯ ಮೇಲೆ ಬರಿಗಾಲಿನಲ್ಲಿ ನಡೆದು ಬಂದಿದ್ದೇನೆ. ಜನ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕೂತು ಎಡಗಾಲನ್ನು ಚಿವುಟಿದೆ. ಆಮೇಲೆ ಸುಧಾಮಣಿಯ ಪಿನ್ನು ತೆಗೆದುಕೊಂಡು ಚುಚ್ಚಿದೆ. ಯಾರದೋ ಕಾಲನ್ನು ಚುಚ್ಚಿದ ಹಾಗಿತ್ತು.

ಆಮೇಲೆ ಏನು ಯೋಚನೆ ಬಂತೋ ಅದನ್ನು ಬರೆಯಲು ಇವತ್ತು ಆಗುವುದಿಲ್ಲ.

ಡಿಸೆಂಬರ್ 26, ಗುರುವಾರ

ಸುಧಾಮಣಿಗೆ ಹೇಳದೆ ಗತಿಯಿರಲಿಲ್ಲ. ಅವಳೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನವರು. ಕವಲು ಕಡ್ಡಿಯಂಥದ್ದನ್ನು ಬಡಿದು ನನ್ನ ಹೆಬ್ಬೆರಳಿನ ಮೇಲೆ ಇಟ್ಟು, "ಅದುರೋದು ಗೊತ್ತಾಗ್ತಿದೆಯಾ?" ಅಂದರು. ಇಲ್ಲ ಅಂದೆ. ಕೈಯ ಮೇಲೆ ಇಟ್ಟಾಗ ಜೇನುಗೂಡಿನ ಹಾಗೆ ಝುಂ ಅಂದಿತು.

ಶುಗರಿನಿಂದ ನರ ಸತ್ತಿವೆಯಂತೆ. ಎಡಗಾಲು ಹೆಚ್ಚು, ಬಲಗಾಲು ಸ್ವಲ್ಪ. ಇವತ್ತು ನಿನ್ನೆಯದಲ್ಲ, ವರ್ಷದ ಮೇಲಾಗಿದೆಯಂತೆ. "ಗಾಡಿ ಓಡಿಸ್ತೀರಾ?" ಅಂತ ಕೇಳಿದರು. ಸುಧಾಮಣಿ ನನಗಿಂತ ಮೊದಲೇ "ಇನ್ನು ಓಡಿಸಲ್ಲ ಸಾರ್" ಅಂದಳು.

ಅಂದರೆ ಕ್ಲಚ್ಚು ಸರಿಯಾಗಿತ್ತು. ಮೊದಲ ದಿನವೇ ಸರಿಯಾಗಿತ್ತು. ಕಾಲು ಪೆಡಲಿನ ಮೇಲೇ ಕೂತಿದ್ದರೂ ನನಗೆ ತಿಳಿಯದೆ, ಇದ್ದ ಪ್ಲೇಯನ್ನೂ ನಟ್ಟು ತಿರುಗಿಸಿ ತೆಗೆದು, ಪ್ಲೇಟನ್ನು ಸುಟ್ಟವನು ನಾನು. ಶಿವಮಲ್ಲು ಹೇಳಿದ ಒಂದೊಂದು ಮಾತೂ ನಿಜ.

ಬಸ್ ಸ್ಟ್ಯಾಂಡ್ ದಾಟುವಾಗ ಗುಂಡ್ಲುಪೇಟೆ ಬಸ್ಸು ನಿಂತಿತ್ತು. ಸುಧಾಮಣಿ ಕೈ ತೋರಿಸಿ, "ಈಗಲೇ ಹೋಗಿ ಬನ್ನಿ. ನಾನು ಮನೆಗೆ ಹೋಗ್ತೀನಿ" ಅಂದಳು. ನಾಳೆ ಹೋಗುತ್ತೇನೆ ಅಂದೆ.

ಡಿಸೆಂಬರ್ 27, ಶುಕ್ರವಾರ

ಹೋಗಲಿಲ್ಲ. ಅವನ ಗ್ಯಾರೇಜಿನಲ್ಲಿ ಯಾವಾಗಲೂ ಜನ. ಎಲ್ಲರ ಮುಂದೆ ಹೇಗೆ ಹೇಳುವುದು? ಫೋನಿನಲ್ಲಿ ಹೇಳುವ ಮಾತಲ್ಲ.

ಡಿಸೆಂಬರ್ 28, ಶನಿವಾರ

ಸೋಮವಾರ ಅಮಾವಾಸ್ಯೆ. ಸೋಮವಾರವೂ ಅಮಾವಾಸ್ಯೆಯೂ ಸೇರಿ ಬಂದಿದೆ, ಜನ ಎಲ್ಲ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದಾರೆ. ನಾಳೆ ನಾಡಿದ್ದು ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದು ಕಳೆಯಲಿ. ಇಷ್ಟು ದಿನ ತಡೆದವನು ಇನ್ನು ನಾಲ್ಕು ದಿನ ತಡೆಯಲಾರನೇ?

ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿದ್ದೇನೆ. "ತಪ್ಪಾಯ್ತು ಕಣ್ಲಾ" ಅನ್ನುವುದು ಬಹಳ ಚಿಕ್ಕದಾಯಿತು. ಬೇರೆ ಮಾತು ಸಿಗುತ್ತಿಲ್ಲ.

ಡಿಸೆಂಬರ್ 30, ಸೋಮವಾರ

ಬಾಳೆಹಣ್ಣು ತರಲು ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ. ಅಬ್ಬಾ, ಏನು ಜನ! ಬೆಟ್ಟದ ಬಸ್ಸಿಗೆ ಕಿಟಕಿಯಿಂದ ಟವಲ್ ಹಾಕುವವರು, ಮಕ್ಕಳನ್ನು ತೂರಿಸುವವರು, "ಉಘೇ ಮಾದಪ್ಪ" ಅನ್ನುವವರು. ನಾನು ಹೋಗದಿದ್ದದ್ದೇ ಒಳ್ಳೆಯದಾಯಿತು. ಗುರುವಾರ ಖಂಡಿತ.

ಜನವರಿ 2, ಗುರುವಾರ

ಹೋಗಿದ್ದೆ.

ಗ್ಯಾರೇಜು ಖಾಲಿ ಇತ್ತು. ವ್ಯಾನುಗಳಿಲ್ಲ. ಒಂದು ಸ್ಕೂಟರು ಮಾತ್ರ ನಿಂತಿತ್ತು. ಶಿವಮಲ್ಲು ತಲೆ ಬೋಳಿಸಿಕೊಂಡಿದ್ದ. ನನ್ನನ್ನು ನೋಡಿ ಎದ್ದು ಬಂದ, ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದ. ನಾನು ಬಾಯಿ ತೆರೆಯುವ ಮುಂಚೆಯೇ ಶುರು ಮಾಡಿದ.

"ನೀನು ಬಂದೇ ಬತ್ತೀಯ ಅಂತ ಗೊತ್ತಿತ್ತು ಕಣ್ಲಾ. ಯಾರಾರ ಯೋಳುದ್ರಾ? ಅಮಾಸೆ ದಿನ ಬೆಟ್ಟಕ್ಕೋಗಿ ಮಾಡ್ಬುಟ್ಟೆ."

"ಏನು ಮಾಡ್ದೆ?"

"ಆಣೆ. ಮಾದಪ್ಪನ ಮುಂದೆ ನಿಂತ್ಕಂಡು, ಸುಧಾಕರನ ಗಾಡಿಗಾಕಿದ್ದು ಹೊಸ ಪ್ಲೇಟು, ಹೊಸ ಬೇರಿಂಗು, ಸುಳ್ಳಾದ್ರೆ ನನ್ ಕೈ ಬಿದ್ದೋಗ್ಲಿ ಅಂತ." ತನ್ನ ಎರಡು ಕೈಗಳನ್ನೂ ಚಾಚಿ ತೋರಿಸಿದ. ಗ್ರೀಸು ಅಂಟಿದ್ದ ಕೈಗಳು. "ಬೇಜಾರಾಯ್ತು, ಅಪ್ಪ ಕಣ್ಮುಂದೆ ಬಂದಂಗಾಯ್ತು. ಜೋಳಿಗೆ, ಬೆತ್ತ ಎಲ್ಲಾನೂ ನಮ್ಮಣ್ಣನ ಮಗನಿಗೆ ಕೊಟ್ಬುಟ್ಟೆ. ವ್ಯವಾರಕ್ಕೆ ಆಣೆ ಮಾಡ್ದೋನು ಅದ ಮುಟ್ಟಂಗಿಲ್ಲ ನಮ್ಮನೇಲಿ. ಓಗ್ಲಿ ಬುಡು. ವ್ಯಾನ್ನೋರು ಓದ್ರು ಅಂತ ಮಾಡ್ನಿಲ್ಲ ಕಣ್ಲಾ. ನೀನು ಫೋನೆತ್ನಿಲ್ವಲ್ಲ, ಅದ ತಡ್ಕಳಕ್ಕಾಗ್ನಿಲ್ಲ. ಈಗ್ಲಾರ ನಂಬ್ತೀಯಾ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಪ್ಲೇಟಲ್ಲ, ಬೇರಿಂಗಲ್ಲ, ನನ್ನ ಕಾಲು ಕಣ್ಲಾ, ಅಂತ. ಈಗ ಅದನ್ನು ಹೇಳಿದರೆ ಅವನು ಬೆಟ್ಟಕ್ಕೆ ಹೋಗಿ ಮಾಡಿದ ಆಣೆಗೆ ಏನು ಬೆಲೆ ಉಳಿಯುತ್ತದೆ? ಹೇಳದಿದ್ದರೆ ನಾನು ಯಾವ ಜಾತಿಯ ಮನುಷ್ಯ?

"ನಂಬ್ದೆ ಕಣ್ಲಾ" ಅಂದೆ. ಅಷ್ಟೇ ಅಂದೆ.

ಅವನ ಮುಖ ಎಷ್ಟು ಅರಳಿತೆಂದರೆ ನನಗೆ ನೋಡಲಾಗಲಿಲ್ಲ. ಎದುರಿನ ಹೋಟೆಲಿಗೆ ಕೂಗಿ ಟೀ ತರಿಸಿದ. ನನ್ನದಕ್ಕೆ ಸಕ್ಕರೆ ಬೇಡ ಅಂತ ಅವನೇ ಹೇಳಿದ. ಕುಡಿದೆ. ಗಾಡಿ ಯಾಕೆ ತರಲಿಲ್ಲ ಅಂತ ಕೇಳಿದ. ಬ್ಯಾಟರಿ ಇಳಿದಿದೆ ಅಂದೆ. "ಬ್ಯಾರೆಯೋನ ಕೈ ಬಿದ್ದದೆ, ಅದ್ಕೇ ಮುನುಸ್ಕಂಡದೆ. ಭಾನುವಾರ ನಾನೇ ಬತ್ತೀನಿ. ಪ್ಲೇ ಸೆಟ್ ಮಾಡ್ಕೊಟ್ಟು ತಂಗ್ಯವ್ವನ ಕೈಲಿ ಉಪ್ಪಿಟ್ಟು ತಿಂದು ಬತ್ತೀನಿ" ಅಂದ.

ಸುಧಾಮಣಿ "ಹೇಳಿದ್ರಾ?" ಅಂತ ಕೇಳಿದಳು. ಎಲ್ಲ ಸರಿಹೋಯಿತು ಅಂದೆ. ಅವಳು ದೇವರಿಗೆ ದೀಪ ಹಚ್ಚಿದಳು.

ಜನವರಿ 4, ಶನಿವಾರ

ಅನ್ನ ಸೇರುತ್ತಿಲ್ಲ. ಭಾನುವಾರ ಗಾಡಿ ಹತ್ತಿ ಕೂರು ಅಂದರೆ ಕೂರುತ್ತೇನೆ, ತುಳಿ ಅಂದರೆ ತುಳಿಯುತ್ತೇನೆ, ಸರಿಯಾಯಿತು ಅಂತ ಹೇಳಿ ಕಳಿಸುತ್ತೇನೆ. ಆಮೇಲೆ ನಿಧಾನಕ್ಕೆ, ವಯಸ್ಸಾಯಿತು ಕಣ್ಲಾ, ಗಾಡಿ ಓಡಿಸುವುದು ಬಿಟ್ಟೆ ಅಂದರಾಯಿತು. ಅವನ ಆಣೆ ಅವನಿಗೆ ಉಳಿಯುತ್ತದೆ. ಗೋವಿಂದಯ್ಯನಿಗೆ ನಾನೇ ಹೋಗಿ ಹೇಳಿ ವ್ಯಾನುಗಳನ್ನು ವಾಪಸ್ ಕಳಿಸುತ್ತೇನೆ. ಇದೇ ಸರಿ ಅನ್ನಿಸುತ್ತಿದೆ.

ಜನವರಿ 5, ಭಾನುವಾರ

ಬಂದ. ಕೈಯಲ್ಲಿ ಬೆಟ್ಟದ ಲಾಡು ಪ್ರಸಾದ. "ನಿಂಗೆ ಒಂದು ಚೂರು ಮಾತ್ರ" ಅಂದ. ಕೀ ತಿರುಗಿಸಿ ಬ್ಯಾಟರಿ ನೋಡಿ, "ಚೆನ್ನಾಗೇ ಅದಲ್ಲ ಕಣ್ಲಾ" ಅಂದ. ಶೆಡ್ಡಿನಲ್ಲೇ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಸುಳಿದ. ಅವನ ಕಾಲುಗಳು ಮಾತ್ರ ಹೊರಗೆ. ನಾನು ಸ್ಟೀರಿಂಗ್ ಹಿಡಿದು ಕೂತೆ. ಕೆಳಗಿನಿಂದ ಮಾತಾಡುತ್ತಲೇ ಇದ್ದ. ಬೆಟ್ಟದಲ್ಲಿ ಎಷ್ಟು ಜನ, ಮುಡಿ ಕೊಡುವ ಕಡೆ ಎಷ್ಟು ಹೊತ್ತು ನಿಂತ, ಬಸ್ಸಿನಲ್ಲಿ ಯಾವ ಅಜ್ಜಿ ಇವನ ತೊಡೆಯ ಮೇಲೆ ನಿದ್ದೆ ಮಾಡಿದಳು. "ನಿಮ್ಮೂರ್ ಬಸ್ಟ್ಯಾಂಡಲ್ಲೇ ಇಳ್ದು ಬಸ್ ಬದ್ಲಾಯ್ಸುದ್ದು ಕಣ್ಲಾ. ನಿನ್ ಮನೆಗೆ ಬಂದು ಓಗನ ಅನ್ಕಂಡೆ. ಆಣೆ ಆಗ್ಲಿ, ಆಮೇಲ್ ಮಕ ತೋರ್ಸನ ಅಂತ ಸುಮ್ನಾದೆ."

ಆ ಹೊತ್ತು ನಾನು ಅಲ್ಲೇ ಬಾಳೆಹಣ್ಣು ಕೊಳ್ಳುತ್ತಿದ್ದೆನೋ ಏನೋ.

"ಎಲ್ಲಿ, ಒಂದಪ ತುಳಿ" ಅಂದ.

ತುಳಿದೆ. ಅವನನ್ನು ಖುಷಿಪಡಿಸಬೇಕು, ಬೇಗ ಮುಗಿಯಬೇಕು, ಅಷ್ಟೇ ಇತ್ತು ಮನಸ್ಸಿನಲ್ಲಿ. "ಆಹಾ, ಈಗ ಸರಿಯಾಗಿ ಹಿಡೀತು ನೋಡು! ಮೊದ್ಲಿನ ಬಿಗಿ ಬಂತು ಕಣ್ಲಾ. ಇನ್ನು ಮುಟ್ಬೇಡ, ಹಿಂಗೇ ಇರ್ಲಿ" ಅಂದೆ.

ಕೆಳಗೆ ಸ್ಪ್ಯಾನರ್ ನೆಲಕ್ಕಿಟ್ಟ ಸದ್ದಾಯಿತು.

ಶಿವಮಲ್ಲು ನಿಧಾನವಾಗಿ ಹೊರಗೆ ಬಂದ. ಗೋಣಿಚೀಲದ ಮೇಲೇ ಕೂತುಕೊಂಡ. ಅವನ ಕೈಯಲ್ಲಿ ಕ್ಲಚ್ಚಿನ ರಾಡು ಇತ್ತು. ತುಕ್ಕು ಒರೆಸಲೆಂದು ಬಿಚ್ಚಿಕೊಂಡಿದ್ದಾನೆ. ಪೆಡಲಿಗೂ ಕ್ಲಚ್ಚಿಗೂ ಆಗ ಸಂಬಂಧವೇ ಇರಲಿಲ್ಲ. ಗಾಳಿಯನ್ನು ತುಳಿದು ಬಿಗಿ ಬಂತು ಅಂದಿದ್ದೆ.

ಅವನು ರಾಡು ನೋಡಿದ. ನನ್ನ ಎಡಗಾಲು ನೋಡಿದ. ಪಾದ ಪೆಡಲಿನಿಂದ ಜಾರಿ ಪಕ್ಕಕ್ಕೆ ಹೊರಳಿತ್ತು, ಅದೂ ನನಗೆ ಗೊತ್ತಿರಲಿಲ್ಲ. ಎದ್ದು ಬಂದು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ನನ್ನ ಪಾದವನ್ನು ಕೈಯಲ್ಲಿ ಹಿಡಿದ. ಹಿಡಿದದ್ದು ಕಣ್ಣಿಗೆ ಕಂಡಿತು, ಅಷ್ಟೇ.

"ಯಾವಾಗ್ಲಿಂದ್ಲಾ?" ಅಂದ.

ಹೇಗೆ ಹೇಳಿದೆನೋ. ಚಪ್ಪಲಿ, ಪಿನ್ನು, ಡಾಕ್ಟರು, ಎಲ್ಲ ಹೇಳಿದೆ. ನಟ್ಟು ತಿರುಗಿಸಿದ್ದೂ ಹೇಳಿದೆ. ಅವನು ಪಾದ ಹಿಡಿದುಕೊಂಡೇ ಕೇಳಿಸಿಕೊಂಡ. "ಅಯ್ಯೋ, ನೋಡ್ಕಬೇಕಲ್ವೇನ್ಲಾ" ಅಂತ ಎರಡು ಸಲ ಅಂದ. ಆಮೇಲೆ ಏನೋ ಲೆಕ್ಕ ಹಾಕಿದವನ ಹಾಗೆ ಮುಖ ಎತ್ತಿದ.

"ಡಾಕುಟ್ರು ಯೋಳುದ್ದು ಯಾವತ್ತು?"

ಸುಳ್ಳು ಹೇಳಬಹುದಿತ್ತು. ನಿನ್ನೆ ಅನ್ನಬಹುದಿತ್ತು. ಬಾಯಿ ಬರಲಿಲ್ಲ. "ಅಮಾಸೆಗೆ ಮುಂಚೆ. ಗುರುವಾರ" ಅಂದೆ.

ಬೈಯುವ ದನಿಯಲ್ಲಲ್ಲ, ಗೊತ್ತಿಲ್ಲದ್ದನ್ನು ಕೇಳುವ ದನಿಯಲ್ಲಿ, "ಬಸ್ ಇರ್ನಿಲ್ವಾ?" ಅಂದ.

ನನ್ನ ಪಾದವನ್ನು ಮೆಲ್ಲಗೆ ಕೆಳಗಿಟ್ಟ. ಮತ್ತೆ ಗಾಡಿಯ ಕೆಳಗೆ ಹೋದ. ರಾಡು ಹಾಕಿದ, ನಟ್ಟು ಕೂರಿಸಿದ. "ಭವ್ಯ, ಬಾ ಕಣಮ್ಮಿ, ಒಂದಪ ತುಳಿ" ಅಂತ ಕರೆದ. ನಾನು ಇಳಿದೆ, ಅವಳು ಕೂತಳು. ಅವಳು ಹೇಳಿದ ಕಡೆ ಬಿಗಿ ನಿಲ್ಲಿಸಿದ. ಕೈ ತೊಳೆದುಕೊಂಡ. ಸುಧಾಮಣಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಹಸಿವಿಲ್ಲ ತಂಗ್ಯವ್ವ. ಇವ್ನ ಕಾಲು ನೋಡ್ಕೊ" ಅಂದು ಹೊರಟ. ಗೇಟಿನ ತನಕ ಹಿಂದೆ ಹೋದೆ. ಅವನು ತಿರುಗಲಿಲ್ಲ.

ಜನವರಿ 6, ಸೋಮವಾರ

ಗುಂಡ್ಲುಪೇಟೆಗೆ ಅರ್ಧ ಗಂಟೆಗೊಂದು ಬಸ್ಸಿದೆ. ಬೆಟ್ಟದ ಜನ ಹೋಗುವುದು ಕೊಳ್ಳೇಗಾಲದ ಕಡೆಗೆ. ಅಮಾವಾಸ್ಯೆಯ ಹಿಂದಿನ ಭಾನುವಾರವೂ ಗುಂಡ್ಲುಪೇಟೆ ಬಸ್ಸು ಖಾಲಿ ಹೋಗಿರುತ್ತದೆ.